ಒಲೆ ಹಚ್ಚುವ ತನಕ

ಆ ವರ್ಷ ಬೇಸಿಗೆ ಮುಂಚೆಯೇ ಬಂತು. ಹರಿಹರದಲ್ಲಿ ಹೊಳೆ ಇಳಿದು ಬಂಡೆಗಳೆಲ್ಲ ಮೇಲೆ ಬಂದಿದ್ದವು. ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದರೆ ನೀರಿಗಿಂತ ಮೊದಲು ಬಂಡೆಯೇ ಕಣ್ಣಿಗೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ನಾನು ನೋಡುತ್ತಿದ್ದ ಹಾಗೆಯೇ ಅದರಲ್ಲಿ ಒಂದು ಬಂಡೆ ನಿಧಾನಕ್ಕೆ ಜರುಗಿ, ಸದ್ದಿಲ್ಲದೆ ನೀರಿಗೆ ಇಳಿದುಹೋಯಿತು. ಹೊಳೆಗೆ ಮೊಸಳೆ ಬಂದಿದೆ ಎಂದು ಓಣಿಯಲ್ಲಿ ಆಡಿಕೊಳ್ಳುತ್ತಿದ್ದುದು ಸುಳ್ಳಲ್ಲ ಎಂದು ನನಗೆ ಗೊತ್ತಾದದ್ದು ಆಗ. ಬಟ್ಟೆ ಒಗೆಯಲು ಹೋಗುತ್ತಿದ್ದವರು ಮನೆಯ ನಲ್ಲಿಯ ಕೆಳಗೇ ಕೂತರು. ದನ ಮೈತೊಳೆಯುವವರು ಬೇರೆ ಕಡೆ ಹೋದರು. ಹೊಳೆಯ ಮೆಟ್ಟಿಲುಗಳು ಖಾಲಿಯಾದವು. ನಮ್ಮ ಮನೆಯವರು ದಿನಾ ಸಂಜೆ ಅಲ್ಲಿಗೆ ಹೋಗಿ ಕೂಡಲು ಶುರು ಮಾಡಿದ್ದು ಮೆಟ್ಟಿಲು ಖಾಲಿಯಾದ ಮೇಲೆ.

ಅವರ ಕಿಡ್ನಿ ಕೆಲಸ ಬಿಟ್ಟು ವರ್ಷ ದಾಟಿತ್ತು. ಲೇತ್ ಶಾಪನ್ನು ಮೈದುನನಿಗೆ ಬಿಟ್ಟುಕೊಟ್ಟಿದ್ದರು. ವಾರಕ್ಕೆ ಮೂರು ಸಲ ದಾವಣಗೆರೆಗೆ ಹೋಗಿ, ಡಯಾಲಿಸಿಸ್ ಮಷಿನ್ನಿಗೆ ಕೈ ಕೊಟ್ಟು, ಅರ್ಧ ದಿನ ಮಲಗಿ ಬರಬೇಕು. ಕುಡಿಯುವ ನೀರಿಗೆ ಲೆಕ್ಕ. ಬೆಳಿಗ್ಗೆ ಎದ್ದು ನಾನು ಮೊದಲು ಮಾಡುತ್ತಿದ್ದ ಕೆಲಸ ಎಂದರೆ ಒಂದು ಸಣ್ಣ ಸ್ಟೀಲ್ ಚೊಂಬಿಗೆ ಅವರ ಆ ದಿನದ ನೀರು ತುಂಬಿ ದೇವರ ಗೂಡಿನ ಪಕ್ಕ ಇಡುವುದು. ಚಹಾ ಅದರಲ್ಲೇ, ಗುಳಿಗೆ ನುಂಗುವುದು ಅದರಲ್ಲೇ. ಸಾರು ತೆಳುವಾದರೆ ಅಷ್ಟು ನೀರು ಚೊಂಬಿನಿಂದ ಕಳೆಯಬೇಕು. ಹೊಳೆಯ ದಂಡೆಯಲ್ಲಿ ಹುಟ್ಟಿ, ಈಜಾಡಿ ಬೆಳೆದ ಮನುಷ್ಯ ಸಂಜೆಯ ಹೊತ್ತಿಗೆ ಚೊಂಬನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಹೊಳೆಯಿಂದ ಬಂದವರು ಚಪ್ಪಲಿ ಬಿಡುತ್ತ, "ಇನ್ನು ಸಾಕು ಮಾಡಾಣ," ಎಂದರು. "ಯುಗಾದಿ ಮುಗೀಲಿ. ಆಮ್ಯಾಲೆ ನಾನು ದಾವಣಗೆರಿಗೆ ಬರಾಂಗಿಲ್ಲ."

ನಾನು ಮಡಚುತ್ತಿದ್ದ ಬಟ್ಟೆ ಮಡಚಿದೆ. ಮಾರನೆಯ ಸಲ ಹೋದಾಗ ಅವರಿಗೆ ಕಾಣದ ಹಾಗೆ ಡಾಕ್ಟರನ್ನು ಕೇಳಿದೆ. ನಿಲ್ಲಿಸಿದರೆ ಮೈಯಲ್ಲಿ ನೀರು ನಿಂತು ಎದೆಗೇರುತ್ತದೆ, ಬಹಳ ದಿನ ಇರುವುದಿಲ್ಲ ಎಂದರು. ರಾಣೇಬೆನ್ನೂರಿಗೆ ಕೊಟ್ಟ ಮಗಳಿಗೆ ಫೋನು ಮಾಡಿ ಹೇಳಿದೆ. ಅವಳು ಬಂದು ಅತ್ತು, ಅಪ್ಪನಿಗೆ ಬೈದು ಹೋದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಆತವ್ವ," ಎಂದರಷ್ಟೆ. ಆ "ಆತು" ಎನ್ನುವುದು ಯಾವುದಕ್ಕೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಪುಸ್ತಕ ಸಿಕ್ಕಿದ್ದು ಯುಗಾದಿಯ ಹಿಂದಿನ ವಾರ. ದಾವಣಗೆರೆಯ ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಸಿ ಹಳೆಯ ಪುಸ್ತಕ ಮಾರುವವನೊಬ್ಬ ಕೂಡುತ್ತಿದ್ದ. ಯಾವತ್ತೂ ನೋಡದೆ ದಾಟಿಹೋಗುತ್ತಿದ್ದ ಇವರು ಅವತ್ತು ಬಗ್ಗಿದರು. ಹೊದಿಕೆ ಹರಿದುಹೋದ ಒಂದು ದಪ್ಪ ಪುಸ್ತಕ. ಮೊದಲ ಪುಟದಲ್ಲಿ ಮಸಿಯ ಚಿತ್ರ: ಗುಡ್ಡದ ಬುಡದಲ್ಲಿ ಬಾಯಿ ತೆರೆದ ಗವಿ, ಅದರೊಳಕ್ಕೆ ಹರಿದುಹೋಗುವ ನದಿ, ದಂಡೆಯಲ್ಲಿ ಸಾಲಾಗಿ ನಿಂತ ನಾಲ್ಕು ಜನ. ಕೊನೆಯವನ ಕೈಯಲ್ಲಿ ಕಂದೀಲು.

ಬಸ್ಸಿನಲ್ಲಿ ವಾಪಸು ಬರುವಾಗ ಅವರು ತಾವಾಗಿಯೇ ಮಾತಾಡಿದ್ದು ಎಷ್ಟೋ ತಿಂಗಳ ಮೇಲೆ ಅದೇ ಮೊದಲು. ಹರಿಹರದ ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಪುಸ್ತಕದಂಗಡಿ ಇತ್ತಂತೆ. ಹೈಸ್ಕೂಲಿನಲ್ಲಿದ್ದಾಗ ಅಲ್ಲಿಂದ ಇಂಥವನ್ನೇ ಹುಡುಕಿ ತರುತ್ತಿದ್ದರಂತೆ. ಯಾವ ನಕ್ಷೆಯಲ್ಲೂ ಇಲ್ಲದ ಕಣಿವೆ, ಅದರೊಳಗೆ ಮನುಷ್ಯ ಹುಟ್ಟುವ ಮೊದಲೇ ಸಾಯಬೇಕಾಗಿದ್ದ ಪ್ರಾಣಿಗಳು, ಕಾಡು ನುಂಗಿದ ಕಲ್ಲಿನ ಊರು. "ಓದಿ ಓದಿ ತಲೆ ಕೆಟ್ಟು, ಹೊಳೆ ಆಚಿ ಕಡಿ ಜಾಲಿ ಮೆಳಿ ಐತಲ್ಲ, ಅದ್ರಾಗೂ ಒಂದು ಊರು ಐತಿ ಅಂದ್ಕೊಂಡಿದ್ವಿ," ಎಂದರು.

"ಈ ಪುಸ್ತಕಾನೂ ಓದೀರೇನು?"

"ಓದಿರ್ಬೇಕು. ಎಲ್ಲಾ ಮರ್ತೋಗೈತೆ."

ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು. "ಇದು ಮುಗಿಯೋ ತನ್ಕ ಬರ್ತೀನಿ. ಕೈಗೆ ಸೂಜಿ ಇರ್ತತಿ, ನನಗೆ ಹಿಡಿಯಾಕೆ ಆಗಂಗಿಲ್ಲ. ನೀನು ಓದು. ಮುಗಿದ ದಿನ ಮಾತ್ರ ನನ್ನ ತಡೀಬ್ಯಾಡ."

ನಾನು ಪುಸ್ತಕವನ್ನು ಟವಲ್ಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡೆ. ಅದರ ದಪ್ಪವನ್ನು ಬೆರಳಿನಲ್ಲಿ ಅಳೆದದ್ದು ನೆನಪಿದೆ.

ಆ ವಾರ್ಡಿನಲ್ಲಿ ನಮ್ಮ ಪಾಳಿಗೆ ಬರುತ್ತಿದ್ದವರಲ್ಲಿ ಇಬ್ಬರು ನಮಗೆ ಹತ್ತಿರದವರಾಗಿದ್ದರು. ಇವರ ಮಂಚದ ಎಡಕ್ಕೆ ನಂದಿಗುಡಿಯ ಒಬ್ಬ ಅಜ್ಜ. ಗದ್ದೆ ಮಾಡಿದ ಕೈ, ದೊಡ್ಡ ದನಿ, ಹಣೆಯಲ್ಲಿ ವಿಭೂತಿ. ಆಚೆಗೆ ದಾವಣಗೆರೆಯವರೇ ಆದ ಒಬ್ಬ ಹೆಂಗಸು. ಅವರ ಮನೆಯವರು ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು. ಅವರನ್ನು ಎಲ್ಲರೂ ಚಾಚಿ ಎಂದೇ ಕರೆಯುತ್ತಿದ್ದರು. ನಾನು ಇವರ ಕಿವಿಗಷ್ಟೇ ಕೇಳುವಂತೆ ಓದಲು ಶುರು ಮಾಡಿದೆ. ಎರಡನೆಯ ಪುಟಕ್ಕೇ ಅಜ್ಜ, "ತಂಗೀ, ಗಟ್ಟಿ ಓದವ್ವ. ಈ ಮಷಿನ್ನು ಗುಂಯ್ ಅನ್ನಾದು ಕೇಳಿ ಕೇಳಿ ಸಾಕಾಗೈತೆ," ಎಂದರು.

ಕಥೆಯಲ್ಲಿ ನಾಲ್ಕು ಜನ. ದಂಡಿಗೆ ಮುಂದಾಳಾದ ಕಪ್ತಾನ, ದಾರಿ ತೋರಿಸುವವನು, ಅಡಿಗೆಯವನು, ಕಂದೀಲು ಹಿಡಿಯುವವನು. ಅವರಿಗೆ ಬರೆದವರು ಇಟ್ಟಿದ್ದ ಹೆಸರುಗಳು ನನ್ನ ನಾಲಿಗೆಗೆ ಹೊರಳಲಿಲ್ಲ. "ಹೆಸರು ಬಿಡು ಅತ್ಲಾಗೆ, ಕೆಲಸದ ಮ್ಯಾಲೆ ಕರಿ," ಎಂದು ಅಜ್ಜ ತೀರ್ಮಾನ ಕೊಟ್ಟು, "ದಾರಿ ತೋರ್ಸವ್ನು ನಾನು. ನಮ್ಮೂರಾಗೆ ಗದ್ದಿ ಬದುವಿನ ಮ್ಯಾಲೆ ಕಣ್ಣು ಮುಚ್ಕೊಂಡು ನಡೀತೀನಿ," ಎಂದರು.

"ಹಂಗಾದ್ರೆ ಅಡಿಗೆಯವ್ನು ನಾನು," ಎಂದರು ಚಾಚಿ. "ನಾಲ್ಕು ಮಂದಿಗೂ ಉಪ್ಪಿಲ್ದಂಗೆ ಬೇಯ್ಸಿ ಹಾಕ್ತೀನಿ. ನಾವು ತಿಂದಿದ್ದು ಅವ್ರೂ ತಿನ್ಲಿ."

"ನೀವ್ರೀ?" ಎಂದು ಅಜ್ಜ ಇವರನ್ನು ಕೇಳಿದರು. "ಕಪ್ತಾನ ಆಗ್ತೀರೇನು?"

"ಕಂದೀಲು," ಎಂದರು ಇವರು. ಯೋಚನೆ ಮಾಡಲೇ ಇಲ್ಲ.

ಮೊದಲ ಅಧ್ಯಾಯದ ಕೊನೆಯಲ್ಲಿ, "ಅಷ್ಟರಲ್ಲಿ ಗವಿಯ ಕತ್ತಲಿನಲ್ಲಿ ಎರಡು ಕೆಂಡಗಳು ಹೊಳೆದವು. ಅವು ಕೆಂಡಗಳಾಗಿರಲಿಲ್ಲ!" ಎಂದಿತ್ತು. ಇಂಥ ಪುಸ್ತಕಗಳ ರೀತಿಯೇ ಹಾಗೆ. ಪ್ರಾಣ ಹೋಗುವಂಥ ಜಾಗಕ್ಕೆ ತಂದು ಅಧ್ಯಾಯ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿ ಪುಸ್ತಕ ಮುಚ್ಚಿದೆ.

ಅಜ್ಜನ ಮುಖ ಬದಲಾಯಿತು. "ಅಲ್ಲಿಗೆ ಮುಚ್ತೀಯೇನವ್ವ? ತಪ್ಪು ತಪ್ಪು. ತೆಗಿ."

ಅವರು ಪ್ರತಿ ಶ್ರಾವಣದಲ್ಲಿ ಊರಿನ ಮಠದಲ್ಲಿ ಪುರಾಣ ಕೇಳಿದವರು. ಅಲ್ಲಿ ಎರಡು ಕಟ್ಟಳೆ. ಹಚ್ಚಿದ ಪುರಾಣವನ್ನು ಅರ್ಧಕ್ಕೆ ಬಿಡಬಾರದು. ದಿನದ ಓದನ್ನು ಕೆಟ್ಟ ಜಾಗದಲ್ಲಿ ನಿಲ್ಲಿಸಬಾರದು. ಯಾರಾದರೂ ಸಾಯುತ್ತಿದ್ದರೆ, ಅಳುತ್ತಿದ್ದರೆ, ದಾರಿ ತಪ್ಪಿದ್ದರೆ, ಒಳ್ಳೆಯದು ಬರುವ ತನಕ ಓದಿಯೇ ಏಳಬೇಕು.

"ಇಲ್ಲಾಂದ್ರೆ ಕೇಳ್ದೋರು ಅದನ್ನ ಹೊತ್ಕೊಂಡು ಮನಿಗೆ ಹೋಗ್ತಾರೆ," ಎಂದರು.

"ಹಂಗಾದ್ರೆ ಟೀವಿ ಸೀರಿಯಲ್ ನೋಡೋರೆಲ್ಲಾ ದಿನಾ ಹೊತ್ಕೊಂಡೇ ಮಲಗ್ತಾರೆ ಬಿಡಜ್ಜ," ಎಂದರು ಚಾಚಿ.

"ಅದ್ಕೇ ನೋಡು ಮನಿಮನ್ಯಾಗೆ ಜಗಳ."

"ಈ ಕಾಡಿನೊಳಗೆ ಒಳ್ಳೇದು ಎಲ್ಲಿಂದ ತರ್ಲಿ ಅಜ್ಜ?" ಎಂದೆ ನಾನು.

ಅಜ್ಜ ಸ್ವಲ್ಪ ಯೋಚಿಸಿದರು. "ಒಲೆ ಹಚ್ಚೋ ತನಕ ಓದು. ಎಲ್ಲಿದ್ರೂ ಒಲೆ ಹತ್ತಿತು ಅಂದ್ರೆ ಅವತ್ತಿಗೆ ಉಳ್ಕೊಂಡ್ರು ಅಂತ."

ಹಾಗಾಗಿ ಪ್ರತಿ ಸಲವೂ ಕೆಟ್ಟ ಜಾಗವನ್ನು ದಾಟಿ ಮುಂದಿನ ಅಧ್ಯಾಯಕ್ಕೆ ಹೋಗಬೇಕಾಯಿತು. ಒಲೆ ಹಚ್ಚುವ ಹೊತ್ತಿಗೆ ಮತ್ತೆ ಎಷ್ಟೋ ಪುಟ ಮುಗಿದಿರುತ್ತಿತ್ತು. ಅಜ್ಜನ ಕಟ್ಟಳೆ ಪುಸ್ತಕವನ್ನು ನಾನು ಅಂದುಕೊಂಡದ್ದಕ್ಕಿಂತ ಬೇಗ ತಿನ್ನುತ್ತಿತ್ತು. ಯುಗಾದಿ ಕಳೆಯಿತು, ಅಡಿಗೆಮನೆಯ ಗೋಡೆಯಲ್ಲಿ ಹೊಸ ಪಂಚಾಂಗ ಬಂತು. ಟವಲ್ಲಿನಲ್ಲಿ ಸುತ್ತುವಾಗ ನೋಡುತ್ತೇನೆ, ಬಸ್ ಟಿಕೇಟು ಇಟ್ಟ ಗುರುತು ಅರ್ಧವನ್ನು ಮುಟ್ಟಿಬಿಟ್ಟಿದೆ.

ನಾನು ಅಡಿಗೆ ಶುರು ಮಾಡಿದ್ದು ಆಗ. ಪುಸ್ತಕದಲ್ಲಿ, "ಕಪ್ತಾನನು ಎರಡು ಬಿಸ್ಕತ್ತು ತಿಂದು ಮುಂದೆ ನಡೆದನು" ಎಂದಷ್ಟೇ ಇತ್ತು. ನಾನು ಅಲ್ಲಿ ಮೂರು ಕಲ್ಲು ಹೂಡಿಸಿದೆ. ಹಸಿ ಕಟ್ಟಿಗೆ ಹೊಗೆಯಾಡಿ ಅಡಿಗೆಯವನ ಕಣ್ಣಲ್ಲಿ ನೀರು ಬಂತು. ಜೋಳದ ಹಿಟ್ಟಿಗೆ ಕುದಿಯುವ ನೀರು ಬಿದ್ದಿತು, ಕಲ್ಲಿನ ಮೇಲೆ ರೊಟ್ಟಿ ಉಬ್ಬಿತು. ಆನೆಗಿಂತ ದೊಡ್ಡ ಹಲ್ಲಿಗಳು ಓಡಾಡುವ ಕಣಿವೆಯಲ್ಲಿ ಕಪ್ತಾನ ಚಕ್ಕಳಮಕ್ಕಳ ಹಾಕಿ ಕೂತು ಬದನೆಕಾಯಿ ಪಲ್ಯ ಸವರಿಕೊಂಡು ಉಂಡ. ಮಠದಲ್ಲಿಯೂ ಓದುವವರು ಓದಿದ ಮೇಲೆ ಅರ್ಥ ಹೇಳುವವರು ತಮ್ಮದೂ ನಾಲ್ಕು ಮಾತು ಸೇರಿಸುತ್ತಾರಲ್ಲ, ಹಾಗೆ ಎಂದುಕೊಂಡೆ.

ಚಾಚಿ ತಮ್ಮ ಕೆಲಸವನ್ನು ಗಟ್ಟಿಯಾಗಿ ಹಿಡಿದರು. "ಅಷ್ಟೇನಾ? ಬೆಳ್ಳುಳ್ಳಿ ಒಗ್ಗರಣೆ ಹಾಕಿಲ್ವಾ ನಾನು?"

"ಹಾಕಿದ್ರಿ ಚಾಚಿ, ಓದೋದ್ರಾಗೆ ಬಿಟ್ಟೆ."

"ಸಂಜಿಗೆ ಮಂಡಕ್ಕಿ ಹಚ್ತೀನಿ ಅಂತ ಓದು. ಮ್ಯಾಲೆ ಉಳ್ಳಾಗಡ್ಡಿ, ಖಾರ, ಬಿಸಿ ಮೆಣಸಿನಕಾಯಿ ಬಜ್ಜಿ."

ಇಡೀ ವಾರ್ಡಿನಲ್ಲಿ ಯಾರಿಗೂ ಅದನ್ನು ಕೈಯಿಂದ ಮುಟ್ಟುವ ಹಾಗಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಆಂಟಿ, ಇವ್ರ ಬಿ.ಪಿ. ಏರ್ತಿರೋದು ನಿಮ್ಮ ಬಜ್ಜಿಗೇ," ಎಂದು ಸಿಸ್ಟರ್ ನಗುತ್ತ ಹೋದರು. ಇವರು ಮಾತ್ರ ನಗಲಿಲ್ಲ. ಚಾವಣಿಯ ಒಂದು ಮೂಲೆಯನ್ನು ನೋಡುತ್ತ ಮಲಗಿದ್ದರು.

ಮುಂಗಾರು ಹಿಡಿಯಿತು. ಒಂದು ದಿನ ಅಜ್ಜ ನಂದಿಗುಡಿಯ ಬಸ್ಸಿನಿಂದ ನೆನೆದು ಬಂದರು. ಕಾಲು ಬಾತಿತ್ತು, ತೂಕ ನೋಡಿದ ಸಿಸ್ಟರ್ ಗದರಿದರು. "ಏನು ಕುಡಿದ್ರಿ ಅಜ್ಜಾರ?"

"ನಾಟಿ ನಡದೈತೆ. ಗದ್ದಿ ನೋಡಿದ್ರೆ ಬಾಯಿ ಒಣಗ್ತತಿ, ಏನು ಮಾಡ್ಲಿ?"

ಅವತ್ತಿನ ಅಧ್ಯಾಯದಲ್ಲಿ ದಂಡು ಹುದುಲಿಗೆ ಬಂದು ನಿಂತಿತ್ತು. ಮೇಲೆ ಹಸಿರು ಹುಲ್ಲು, ಕಾಲಿಟ್ಟರೆ ಒಳಗೆ ಎಳೆದುಕೊಳ್ಳುವ ಕೆಸರು. ದಾರಿ ತೋರಿಸುವವನು ಕೋಲಿನಿಂದ ಚುಚ್ಚಿ ಚುಚ್ಚಿ ಮುಂದೆ ಹೋಗುತ್ತಿದ್ದ. "ಹಂಗೇ ನೋಡು, ಕೋಲು ಇಲ್ದೆ ಹೆಜ್ಜಿ ಇಡಬಾರ್ದು," ಎಂದರು ಅಜ್ಜ. ಆಮೇಲೆ ಅವರ ದನಿ ಬರಲಿಲ್ಲ. ಕಥೆಯಲ್ಲಿ ಕೋಲು ಮುರಿಯಿತು. ಅವನು ಮೊಣಕಾಲ ತನಕ ಇಳಿದ, ಸೊಂಟದ ತನಕ ಇಳಿದ. ಎದೆಯ ತನಕ ಇಳಿದಾಗ ಪಕ್ಕದ ಮಷಿನ್ನು ಕೂಗಿಕೊಂಡಿತು.

ತಲೆಯೆತ್ತಿ ನೋಡಿದರೆ ಅಜ್ಜನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸಿಸ್ಟರ್ ಓಡಿ ಬಂದು ಮಂಚದ ತಲೆಯ ಕಡೆ ತಗ್ಗಿಸಿದರು. ಡಾಕ್ಟರು ಬಂದರು, ಪರದೆ ಎಳೆದರು. ಸ್ವಲ್ಪ ಹೊತ್ತಿಗೆ ಸ್ಟ್ರೆಚರ್ ಬಂತು. ಅಜ್ಜನ ಚಪ್ಪಲಿ ಮಂಚದ ಕೆಳಗೇ ಉಳಿದವು, ಅವಕ್ಕೆ ಇನ್ನೂ ಕೆಸರು ಹತ್ತಿತ್ತು. ನನ್ನ ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು. ಓದುವ ಹಾಗಿರಲಿಲ್ಲ. ನಮ್ಮ ಪಾಳಿ ಮುಗಿಯಿತು, ಸೂಜಿ ತೆಗೆದರು, ಮುಂದಿನ ಪಾಳಿಯವರು ಬಾಗಿಲಲ್ಲಿ ಕಾಯುತ್ತಿದ್ದರು. ಟಿಕೇಟು ಇಟ್ಟು ಮುಚ್ಚಿದೆ.

ಬಸ್ಸು ಊರು ದಾಟಿತು. "ಅಜ್ಜ ಹುದುಲಿನಾಗೇ ಉಳ್ದ್ರು," ಎಂದರು ಇವರು.

"ಸುಮ್ನಿರ್ರಿ. ಬರ್ತಾರೆ."

ಅವರು ಬರಲಿಲ್ಲ. ಮುಂದಿನ ಸಲ ಆ ಮಂಚಕ್ಕೆ ಒಗೆದ ಚಾದರ ಹಾಸಿದ್ದರು, ಕೆಳಗೆ ಚಪ್ಪಲಿ ಇರಲಿಲ್ಲ. ಊರಿಗೆ ಕರೆದುಕೊಂಡು ಹೋದರಂತೆ ಎಂದು ಸಿಸ್ಟರ್ ಹೇಳಿ ಬೇರೆ ಕೆಲಸಕ್ಕೆ ತಿರುಗಿದರು. ಒಂದು ವಾರ ಬಿಟ್ಟು ಚಾಚಿ ಯಾರಿಂದಲೋ ವಿಚಾರಿಸಿಕೊಂಡು ಬಂದರು. ನನ್ನ ಮುಖ ನೋಡಿ, ಇಲ್ಲ ಎನ್ನುವಂತೆ ತಲೆಯಾಡಿಸಿದರು.

ಆ ವಾರ ಮಳೆ ಬಿಟ್ಟ ಒಂದು ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ಬಟ್ಟೆ ಹರವಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಪುಸ್ತಕವನ್ನು ಕೊನೆಯ ತನಕ ಓದಿದೆ. ಆ ತನಕ ಮುಂದಿನದನ್ನು ಓದಿರಲಿಲ್ಲ, ಅಲ್ಲಲ್ಲೇ ಓದಿ ಹೇಳುತ್ತಿದ್ದೆ. ಹುದುಲಿನಿಂದ ಅವನು ಮೇಲೆ ಬರುವುದಿಲ್ಲ. ಅವನ ಪೇಟ ಮಾತ್ರ ಹುಲ್ಲಿನ ಮೇಲೆ ಉಳಿಯುತ್ತದೆ. ಮಿಕ್ಕವರು ಕಲ್ಲಿನ ಊರಿಗೆ ಹೋಗುತ್ತಾರೆ, ಅಲ್ಲಿಂದ ಓಡಿ ಬರುತ್ತಾರೆ. ಕೊನೆಗೆ ಗುಡ್ಡದ ಕೆಳಗಿನ ನದಿಯಲ್ಲಿ, ಗವಿಯೊಳಗೆ, ಎದೆಯುದ್ದ ನೀರಿನಲ್ಲಿ ಹೊರಗೆ ಬರಬೇಕು. ಬೆಳಕು ಹಿಡಿಯಲು ಒಬ್ಬ ಹಿಂದೆ ನಿಲ್ಲಬೇಕು. ನೀರು ಏರುತ್ತಿದೆ. ಕಂದೀಲಿನವನು ನಿಲ್ಲುತ್ತಾನೆ. ಕಪ್ತಾನನೂ ಅಡಿಗೆಯವನೂ ಹೊರಗೆ ಬಂದು ತಿರುಗಿ ನೋಡಿದಾಗ ಗವಿಯಲ್ಲಿ ಬೆಳಕು ಇಲ್ಲ. ಅಷ್ಟೇ. ಅದರ ಕೆಳಗೆ "ಮುಗಿಯಿತು" ಎಂದು ಅಚ್ಚು ಮಾಡಿದ್ದರು.

ಬಟ್ಟೆ ಒಣಗಿ ಗಾಳಿಗೆ ಹಾರುತ್ತಿದ್ದವು. ನಾನು ಏಳಲಿಲ್ಲ. "ಕಂದೀಲು" ಎಂದು ಇವರು ಯೋಚನೆ ಮಾಡದೆ ಹೇಳಿದ್ದು ನೆನಪಾಗುತ್ತಿತ್ತು.

ಸಂಜೆ ಇವರನ್ನು ಕರೆಯಲು ಮೆಟ್ಟಿಲಿಗೆ ಹೋದೆ. ಮಲೆನಾಡಿನ ಮಳೆ ಇಳಿದು ಹೊಳೆಗೆ ಕೆಂಪು ನೀರು ಬಂದಿತ್ತು. ಬಂಡೆಗಳೆಲ್ಲ ಮುಳುಗಿದ್ದವು. ಬೇಸಿಗೆಯಲ್ಲಿ ಕಾಣುತ್ತಿದ್ದ ಮೊಸಳೆ ಈಗ ಎಲ್ಲಿದೆ ಎಂದು ಹೇಳುವ ಹಾಗಿರಲಿಲ್ಲ. ಎಲ್ಲಿ ಬೇಕಾದರೂ ಇರಬಹುದಿತ್ತು. ಇವರು ನೀರಿಗೆ ಎರಡು ಮೆಟ್ಟಿಲು ಮೇಲೆ ಕೂತಿದ್ದರು.

"ಮ್ಯಾಲೆ ಬರ್ರಿ, ಚಳಿ ಐತೆ," ಎಂದೆ.

ಏಳದೆ ಹೇಳಿದರು. "ನಾನು ಓದಿದಾಗ ಅದ್ರಾಗೆ ಇಷ್ಟು ಊಟ ಇರ್ಲಿಲ್ಲ."

ನನ್ನ ಕಾಲು ಅಲ್ಲೇ ನಿಂತವು. "ಎಲ್ಲಾ ಮರ್ತೋಗೈತೆ ಅಂದಿದ್ರಿ."

"ಬೇರೆ ಎಲ್ಲಾ ಮರ್ತಿದ್ದೆ. ಕಂದೀಲಿನವ್ನು ನೆನಪಿದ್ದ." ಒಂದು ಕಟ್ಟಿಗೆಯ ತುಂಡು ತೇಲಿಹೋಗುವುದನ್ನು ಅವರು ಕಣ್ಣಿನಿಂದ ಹಿಂಬಾಲಿಸಿದರು. "ಅವನಿಗೆ ಅಂಜಿಕಿ ಆಗ್ಲಿಲ್ಲ ಅಂತ ಬರ್ದಿದಾರೆ ನೋಡು. ಹುಡುಗ ಇದ್ದಾಗ ಅದು ಸುಳ್ಳು ಅನ್ಸಿತ್ತು."

"ಈಗ?"

ಅವರು ಮೊಣಕಾಲಿಗೆ ಕೈಯೂರಿ ಎದ್ದರು. ಮನೆಗೆ ಬಂದು ಚೊಂಬಿನಲ್ಲಿ ಉಳಿದಿದ್ದ ಒಂದು ಗುಟುಕು ನೀರನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡು ನುಂಗಿದರು.

ಆಮೇಲಿನ ಓದು ಕಷ್ಟವಾಯಿತು. ಅವರಿಗೆ ಗೊತ್ತು ಎನ್ನುವುದು ನನಗೆ ಗೊತ್ತು, ನನಗೆ ಗೊತ್ತಾಗಿದೆ ಎನ್ನುವುದು ಅವರಿಗೆ ಗೊತ್ತು. ಆದರೂ ನಾನು ಒಲೆ ಹಚ್ಚುತ್ತಲೇ ಇದ್ದೆ, ಅವರು ತಡೆಯಲಿಲ್ಲ. ಕಲ್ಲಿನ ಊರಿನ ಅಧ್ಯಾಯದಲ್ಲಿ ಒಂದು ಮಾತು ಬಂತು: ಬೀದಿ ಬೀದಿ ಹುಡುಕಿದರೂ ಒಂದು ನರಪಿಳ್ಳೆ ಇಲ್ಲ, ಆದರೆ ಮನೆಗಳ ಒಳಗೆ ಒಲೆಯ ಬೂದಿ ಮುಟ್ಟಿದರೆ ಬೆಚ್ಚಗಿತ್ತು. ಇದು ನಾನು ಸೇರಿಸಿದ್ದಲ್ಲ, ಪುಸ್ತಕದಲ್ಲೇ ಇತ್ತು. ಅಲ್ಲಿಗೆ ನಿಲ್ಲಿಸಬಹುದು ಎಂದುಕೊಂಡೆ.

"ಇಲ್ಲ ಅಮ್ಮಾ," ಎಂದರು ಚಾಚಿ. ಅವರ ದನಿ ಸಣ್ಣದಾಗಿತ್ತು. "ಯಾರು ಹಚ್ಚಿದ್ದು ಅಂತ ಗೊತ್ತಿಲ್ದಿರೋ ಒಲೆ ಲೆಕ್ಕಕ್ಕೆ ಬರಲ್ಲ. ಮುಂದೆ ಓದು."

ಎಷ್ಟು ಎಳೆದರೂ ಪುಸ್ತಕ ಮುಗಿಯಲೇಬೇಕು. ಶ್ರಾವಣಕ್ಕೆ ಸ್ವಲ್ಪ ಮೊದಲು ಆ ದಿನ ಬಂತು. ಬೆಳಿಗ್ಗೆ ಇವರು ತಾವೇ ಗಡ್ಡ ಕೆರೆದುಕೊಂಡು, ಒಗೆದ ಅಂಗಿ ಹಾಕಿಕೊಂಡರು. ನಾನು ಇಡ್ಲಿ ಡಬ್ಬಿಗೆ ಹಾಕಿ, ಮುಚ್ಚಳವನ್ನು ಎರಡೆರಡು ಸಲ ತೆಗೆದು ಹಾಕಿದೆ. ಅಜ್ಜನ ಮಂಚ ಅವತ್ತೂ ಖಾಲಿ ಇತ್ತು. ಹೊಸಬರು ಯಾರೋ ಮುಂದಿನ ಸಲದಿಂದ ಬರುತ್ತಾರೆ ಎಂದಿದ್ದರು. ನಾನು ಗವಿಯನ್ನು ಓದಿದೆ, ನೀರನ್ನು ಓದಿದೆ. ಅಲ್ಲಿ ಮೂರು ಕಲ್ಲು ಇಡಲು ಒಣ ನೆಲವೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಓದಿದೆ. ಕಪ್ತಾನ ತಿರುಗಿ ನೋಡಿದ. ಗವಿಯಲ್ಲಿ ಬೆಳಕು ಇರಲಿಲ್ಲ.

"ಮುಗೀತಲ್ಲ," ಎಂದರು ಇವರು. ನನ್ನ ಕಡೆ ನೋಡಿ, ಮೆತ್ತಗೆ, ಕೆಲಸ ಮುಗಿಸಿ ಲೇತ್ ಬಂದ್ ಮಾಡುತ್ತಿದ್ದಾಗ ಹೇಳುತ್ತಿದ್ದರಲ್ಲ, ಹಾಗೆ.

"ಎಲ್ಲಿ ಮುಗೀತು?" ಎಂದರು ಚಾಚಿ.

ಇವರು ಅವರ ಕಡೆ ಕತ್ತು ತಿರುಗಿಸಿದರು. ನಮ್ಮಿಬ್ಬರ ಕರಾರು ಚಾಚಿಗೆ ಗೊತ್ತಿತ್ತೋ ಇಲ್ಲವೋ, ನಾನಂತೂ ಹೇಳಿರಲಿಲ್ಲ.

"ಅಜ್ಜ ಏನು ಹೇಳಿದ್ರು ಮರ್ತ್ರಾ? ಆವತ್ತು ಹುದುಲಿನಾಗೆ ನಿಲ್ಲಿಸಿ ಎದ್ದು ಹೋದ್ವಿ. ಏನಾತು? ಇವತ್ತು ನೀರಿನಾಗೆ ನಿಲ್ಲಿಸಿ ಹೋಗೋಣಾಂತೀರಾ? ನಾನು ಹೊತ್ಕೊಂಡು ಹೋಗಲ್ಲಪ್ಪ. ನನ್ನ ಮನ್ಯಾಗೆ ಮೊಮ್ಮಕ್ಕಳವ್ರೆ."

"ಮುಂದೆ ಪುಟ ಇಲ್ಲ ಚಾಚಿ," ಎಂದೆ.

"ಹಿಂದೆ ಐತಲ್ಲ."

ನನಗೆ ತಿಳಿಯಲಿಲ್ಲ. ಚಾಚಿ ಸೂಜಿಯಿಲ್ಲದ ಕೈಯಿಂದ ಸೆರಗು ಸರಿಮಾಡಿಕೊಂಡು ಕೆನ್ನೆ ಮುಟ್ಟಿಕೊಂಡರು. "ತೌಬಾ, ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಆದ್ರೂ ಹೇಳ್ತೀನಿ. ನಮ್ಮ ಮನ್ಯಾಗೆ ಕುರಾನ್ ಖತಂ ಆದಾಗ ಅಲ್ಲಿಗೇ ಎತ್ತಿಡಲ್ಲ. ಅದೇ ಕೂತಲ್ಲೇ ಮತ್ತೆ ಮೊದಲಿಂದ ಸ್ವಲ್ಪ ಓದಿ ಇಡ್ತೀವಿ. ಮುಗೀತು ಅನ್ನಂಗಿಲ್ಲ, ಮತ್ತೆ ಶುರುವಾತು ಅಂತ."

ನನಗೂ ಆಗ ನೆನಪಾಯಿತು. ನನ್ನ ತವರಿನಲ್ಲಿ ಅವ್ವ ರಾಮಾಯಣ ಮುಗಿಸಿದ ದಿನ ಮೊದಲಿನ ನಾಲ್ಕು ಪದ್ಯ ಓದಿಯೇ ಪುಸ್ತಕಕ್ಕೆ ಬಟ್ಟೆ ಕಟ್ಟುತ್ತಿದ್ದಳು. ಯಾಕೆ ಎಂದು ನಾವು ಕೇಳಿರಲಿಲ್ಲ.

ಪುಸ್ತಕ ತಿರುಗಿಸಿದೆ. ಕಥೆಯ ಮೊದಲ ಸಾಲುಗಳಲ್ಲಿ ಆ ನಾಲ್ಕು ಜನ ಇನ್ನೂ ಊರಿನಲ್ಲೇ ಇದ್ದಾರೆ. ಕಪ್ತಾನನ ಮನೆಯ ಜಗಲಿ. ಅಡಿಗೆಯವನು ಒಲೆಯ ಮುಂದೆ ಕೂತಿದ್ದಾನೆ. ಇದನ್ನೂ ನಾನು ಸೇರಿಸಿದ್ದಲ್ಲ. ದಾರಿ ತೋರಿಸುವವನು ಪೇಟ ಸುತ್ತಿಕೊಳ್ಳುತ್ತಿದ್ದಾನೆ. ಕಂದೀಲಿನವನು ಗಾಜನ್ನು ಬೂದಿಯಿಂದ ಉಜ್ಜಿ ಒರೆಸುತ್ತಿದ್ದಾನೆ. ಅಲ್ಲಿಯ ತನಕ ಓದಿ ಟಿಕೇಟು ಇಟ್ಟೆ.

"ಇದು ಮೋಸ," ಎಂದರು ಇವರು.

"ಮೋಸ ಅಲ್ಲ ಭಾಯ್, ಪದ್ಧತಿ," ಎಂದರು ಚಾಚಿ.

ಆ ರಾತ್ರಿಯಾಗಲಿ ಮಾರನೆಯ ದಿನವಾಗಲಿ ಅವರು ಆ ವಿಷಯ ಎತ್ತಲಿಲ್ಲ. ಸಂಜೆ ಮಳೆಯಲ್ಲೂ ಕೊಡೆ ಹಿಡಿದು ಹೊಳೆಗೆ ಹೋದರು. ನೀರು ಏರಿ ಅವರು ಕೂಡುವ ಮೆಟ್ಟಿಲು ಮುಳುಗಿತ್ತಂತೆ, ನಿಂತೇ ಇದ್ದು ಬಂದರು. ನಾನು ಡಾಕ್ಟರು ಹೇಳಿದ ಮಾತನ್ನು ಮನಸ್ಸಿನಲ್ಲಿ ತಿರುಗಿಸುತ್ತ ಅಕ್ಕಿ ಆರಿಸಿದೆ.

ಡಯಾಲಿಸಿಸ್ಸಿನ ದಿನ ಬೆಳಿಗ್ಗೆ ಎಂದಿನಂತೆ ಚೊಂಬು ತುಂಬಿದೆ, ಟವಲ್ಲು ಮಡಚಿದೆ, ಪುಸ್ತಕವನ್ನು ಚೀಲದ ತಳಕ್ಕೆ ಹಾಕಿದೆ. ಕರೆಯಲಿಲ್ಲ. ತಡೆಯಬೇಡ ಎಂದಿದ್ದರಲ್ಲ, ಕರೆಯುವುದೂ ಒಂದು ಬಗೆಯ ತಡೆಯುವುದೇ. ಅವರು ಚಪ್ಪಲಿ ಮೆಟ್ಟಿಕೊಂಡು ಹೊಸಿಲು ದಾಟಿ ನಿಂತರು. ನಮ್ಮ ಬಾಗಿಲಿನಿಂದ ಎಡಕ್ಕೆ ಹೋದರೆ ಹೊಳೆ, ಬಲಕ್ಕೆ ಹೋದರೆ ಬಸ್ಸು. ಹೊಳೆಯ ಸದ್ದು ಅವತ್ತು ಓಣಿಯ ತನಕ ಕೇಳುತ್ತಿತ್ತು. ನಾನು ಚೀಲ ಹಿಡಿದು ಅವರ ಬೆನ್ನನ್ನು ನೋಡುತ್ತ ನಿಂತೆ.

"ಹಚ್ಚಿದ್ದನ್ನ ಅರ್ಧಕ್ಕೆ ಬಿಡಬಾರ್ದು ಅಂದಿದ್ರಲ್ಲ ಅಜ್ಜ," ಎಂದರು, ನನಗೆ ಹೇಳಿದ ಹಾಗೆ ಇರಲಿಲ್ಲ. ಬಲಕ್ಕೆ ತಿರುಗಿದರು.

ವಾರ್ಡಿನಲ್ಲಿ ಅಜ್ಜನ ಮಂಚದ ಮೇಲೆ ಆನಗೋಡಿನವರೊಬ್ಬರು ಮಲಗಿದ್ದರು. ನಲವತ್ತರ ಆಸುಪಾಸು, ಹೊಸದಾಗಿ ಸೂಜಿ ಚುಚ್ಚಿಸಿಕೊಂಡ ಕೈಯನ್ನು ಬೇರೆಯವರ ಕೈ ಎಂಬಂತೆ ನೋಡುತ್ತಿದ್ದರು. ನಾನು ಪುಸ್ತಕ ತೆಗೆದದ್ದು ಕಂಡು, "ಏನ್ರಕ್ಕ, ಪುರಾಣನಾ?" ಎಂದು ಕೇಳಿದರು.

ಚಾಚಿ ನಮ್ಮ ಪದ್ಧತಿಯನ್ನೆಲ್ಲ ವಿವರಿಸಿದರು. ಅಡಿಗೆ ತಮ್ಮದು, ಕಂದೀಲು ಈ ಭಾಯ್‌ದು ಎಂದರು. ಹೊಸಬರ ಮುಖ ಸ್ವಲ್ಪ ಬಿಚ್ಚಿಕೊಂಡಿತು.

"ಮತ್ತೆ ಯಾವ್ದು ಉಳ್ದೈತೆ?"

ಚಾಚಿ ಹೊದಿಕೆಯ ಅಂಚನ್ನು ಹಿಡಿದು ನೋಡತೊಡಗಿದರು. ಹೊಸಬರು ನನ್ನ ಕೈಯಲ್ಲಿದ್ದ ಚಿತ್ರವನ್ನು ಕತ್ತೆತ್ತಿ ನೋಡಿ, "ಈ ಪೇಟದವ್ನು ಯಾರು? ದಾರಿ ತೋರ್ಸವ್ನಾ?" ಎಂದರು. "ಹಂಗಾದ್ರೆ ಅದು ನಂದು. ನಾನು ಹಾಲಿನ ಗಾಡಿ ಹೊಡಿಯೋನು, ಸುತ್ತ ಮುತ್ತ ಯಾವ ಹಳ್ಳಿ ದಾರಿ ಕೇಳ್ರಿ, ಹೇಳ್ತೀನಿ."

ನಾನು ಇವರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಸೂಜಿಯಿದ್ದ ಕೈಯ ಬೆರಳುಗಳನ್ನು ಮಾತ್ರ ಒಮ್ಮೆ ಬಿಚ್ಚಿ ಮುಚ್ಚಿದರು.

"ನಿಧಾನಕ್ಕೆ ಓದು," ಎಂದರು. "ಊಟ ಎಲ್ಲೂ ಬಿಡಬ್ಯಾಡ."